ಜೋಕಾಲಿಯ ಆ ಕಡೆ ಕೂತವರು

ತಾಯಂದಿರೇ, ಹಿರಿಯರೇ, ಮೊದಲು ಕ್ಷಮೆ ಕೇಳುತ್ತೇನೆ. ಇಂಥ ಪ್ರವಚನದ ಜಾಗದಲ್ಲಿ ಕುಳಿತು ಮೊಬೈಲಿನ ಹರಾಜಿನ ಕಥೆ ಹೇಳಬಹುದೋ ಬಾರದೋ ಎಂದು ಬೆಳಗಿನಿಂದ ಯೋಚಿಸಿದೆ. ನಿನ್ನೆ ಸತ್ಯದ ಬಗ್ಗೆ ಒಂದು ತಾಸು ಮಾತಾಡಿದೆ. ಎಲ್ಲರೂ ತಲೆದೂಗಿದಿರಿ. ಕೆಲವರು ನಿದ್ದೆಯಲ್ಲಿ ತೂಗಿದಿರಿ, ಆ ತಪ್ಪು ನನ್ನದೇ. ಅದಕ್ಕೆ ಇವತ್ತು ಈ ಸಣ್ಣ ಕಥೆ. ಎಲ್ಲಾದರೂ ತಪ್ಪಿದರೆ ಹೊಟ್ಟೆಗೆ ಹಾಕಿಕೊಳ್ಳಿ.

ಯಾವುದೋ ಒಂದು ಪೇಟೆ ಎಂದಿಟ್ಟುಕೊಳ್ಳಿ. ಅಲ್ಲೊಬ್ಬ ಸಾಹುಕಾರ. ದೊಡ್ಡ ಬಟ್ಟೆ ಅಂಗಡಿ, ಹಳೆಯ ಮನೆ, ಪಡಸಾಲೆಯಲ್ಲಿ ಅಜ್ಜನ ಕಾಲದ ಸಾಗವಾನಿ ಜೋಕಾಲಿ. ಗಂಡಹೆಂಡತಿ ಮೂವತ್ತೆರಡು ವರ್ಷ ಅದರ ಮೇಲೆ ಕೂತು ಬೆಳಗಿನ ಚಹಾ ಕುಡಿದವರು. ಅವನು ಬಲಗಡೆ, ಆಕೆ ಎಡಗಡೆ. ಒಂದು ದಿನವೂ ಅದಲುಬದಲಾದದ್ದಿಲ್ಲ.

ಆಕೆಗೆ ಸೊಂಟನೋವು ಬಂತು. ಡಾಕ್ಟರು, ಜೋಕಾಲಿ ಬಿಡಬೇಕು, ನೆಟ್ಟಗೆ ಬೆನ್ನಿರುವ ಕುರ್ಚಿ ಬೇಕು ಎಂದರು. ಪಡಸಾಲೆಯಲ್ಲಿ ಎರಡಕ್ಕೂ ಜಾಗವಿಲ್ಲ. ಅಜ್ಜನ ಜೋಕಾಲಿಯನ್ನು ಸುಮ್ಮನೆ ಇಳಿಸಿ ಅಟ್ಟಕ್ಕೆ ಹಾಕಲು ಸಾಹುಕಾರನಿಗೆ ಮನಸ್ಸಿಲ್ಲ. "ಯೋಗ್ಯರ ಕೈಗೆ ಅದು ಹೋಗ್ಲಿ, ಮರುದಿನಾನ ಕುರ್ಚಿ ಬರ್ತೈತಿ" ಎಂದ. ಅಂದರೆ ನೋಡಿ, ಆಕೆಯ ಸೊಂಟ ಈಗ ಗಿರಾಕಿಗಾಗಿ ಕಾಯುತ್ತ ಕೂತಿತು.

ಈಗ ಮೊಬೈಲಿನಲ್ಲೇ ಹರಾಜು ಇದೆ. ವಸ್ತುವಿನ ಫೋಟೋ ಹಾಕಬೇಕು, ಕೆಳಗೆ ವಿವರ ಬರೆಯಬೇಕು. ದೂರದೂರಿನವರು ಓದಿ, ಏಳು ದಿನದೊಳಗೆ ಬೆಲೆ ಕೂಗುತ್ತಾರೆ. ಸಾಹುಕಾರ ಕನ್ನಡಕ ಒರೆಸಿಕೊಂಡು ಬರೆದ: "ಪ್ರತಿಷ್ಠಿತ ಮನೆತನದ ಅಪೂರ್ವ ಜೋಕಾಲಿ. ರಾಜವೈಭವ. ಇಂಥದ್ದು ಇನ್ನೊಂದಿಲ್ಲ." ಹೆಂಡತಿಗೆ ಓದಿ ಹೇಳಿದ. ಆಕೆ, "ಇದು ಜೋಕಾಲಿ ಬಗ್ಗೆ ಅಲ್ರೀ, ನಿಮ್ಮ ಅಜ್ಜಾರ ಬಗ್ಗೆ ಬರದೀರಿ" ಎಂದಳು.

ಏಳು ದಿನವಾಯಿತು. ಒಂದೇ ಒಂದು ಕೂಗಿಲ್ಲ. ಮತ್ತೆ ಹಾಕಿದ, ಈ ಸಲ ರಾಜವೈಭವದ ಜೊತೆ ದೈವಿಕ ಕಳೆಯನ್ನೂ ಸೇರಿಸಿದ. ಆಗ ಹೊಸಪೇಟೆಯ ಒಬ್ಬ ಹೆಂಗಸು ಕೇಳಿದಳು: "ಅಳತೆ ಎಷ್ಟು? ತೂಗಿದರೆ ಸದ್ದು ಬರುತ್ತದೆಯೇ? ಎರಡೂ ಕಡೆ ಸಮ ಇದೆಯೇ?"

ಸಾಹುಕಾರ ಉತ್ತರ ಬರೆದ: "ಉತ್ತಮ ಸ್ಥಿತಿಯಲ್ಲಿದೆ."

ಆಕೆ ಮತ್ತೆ ಬರೆದಳು: "ಉತ್ತಮ ಅಂದರೆ ಎಷ್ಟು ಅಡಿ?"

ಅಂಗಡಿಯಲ್ಲಿ ದಿನವಿಡೀ ಬಟ್ಟೆ ಅಳೆಯುವ ಮನುಷ್ಯ. ಮುಖ ಕೆಂಪಗಾಯಿತು. ಟೇಪು ತಂದು ಅಳೆದ. ಆಮೇಲೆ ತನ್ನ ಜಾಗದಲ್ಲಿ ಕೂತು, ಒಮ್ಮೆ ತೂಗಿ, "ಸಮ ಐತಿ ಬಿಡು, ಏನೂ ತೊಂದರಿ ಇಲ್ಲ" ಎಂದ.

"ಈ ಕಡೆ ಬಂದು ಕೂಡ್ರಿ" ಎಂದಳು ಹೆಂಡತಿ.

ಎಡಗಡೆ ಕೂತ. ಕೂತವನು ಮೆಲ್ಲಗೆ ಬಲಗಡೆಗೆ ಜಾರಿದ. ಹಿಂದಕ್ಕೆ ಸರಿದು ಕೂತ. ಮತ್ತೆ ಜಾರಿದ. ಸರಪಳಿ ನೋಡಿದರೆ ಎಡಗಡೆಯ ಎರಡಕ್ಕೂ ಒಂದೊಂದು ಕೊಂಡಿ ಕಡಿಮೆ. ಆಕೆಯ ತುದಿ ಎತ್ತರ, ಅವನ ತುದಿ ತಗ್ಗು.

"ಹಂಗಾರ ಇಷ್ಟು ವರ್ಷ ನೀ ನನ್ನ ಕಡೆ ಸರಕೋತ ಬರ್ತಿದ್ದಿ..."

"ಸರಪಳಿರೀ ಅದು."

"ನಾ ಪ್ರೀತಿ ಅಂತ ತಿಳದಿದ್ದೆ."

"ತಿಳೀರಿ. ಯಾರು ಬ್ಯಾಡಂದ್ರು? ಜಾರಬಾರದಂತ ಕಾಲು ಒತ್ತಿ ಕೂತು ಕೂತು ನನ್ನ ಸೊಂಟ ಹಿಡೀತು, ಅಷ್ಟ."

"ಒಂದ ದಿನಾನೂ ಹೇಳಲಿಲ್ಲಲ್ಲ."

"ಹೊಸಪೇಟಿಯಾಕಿ ಕೇಳಿದ್ಲು, ಹೇಳಿದೆ. ನೀವು ಯಾವಾಗ ಕೇಳಿದ್ರಿ?"

ಸಾಹುಕಾರ ಮೊಬೈಲು ಕೈಗೆತ್ತಿಕೊಂಡ. "ಕೊರತಿ ಬರದ್ರ ಯಾರು ತಗೋತಾರ?" ಎಂದು ಕೇಳಿದ. ಆಕೆ ಹೇಳಿದಳು: "ಅಲ್ಲಿದ್ದೋರಿಗೆ ಇದು ಕೈಗೆ ಸಿಗಂಗಿಲ್ಲ, ಕೂತು ನೋಡಾಕ ಆಗಂಗಿಲ್ಲ. ಅವರಿಗೆ ನಿಮ್ಮ ಮಾತ ಕಣ್ಣು."

ಆಕೆ ಹೇಳಿದಳು, ಅವನು ಬರೆದ. ಉದ್ದ ಐದೂವರೆ ಅಡಿ, ಅಗಲ ಎರಡಡಿ. ಹಿತ್ತಾಳೆ ಸರಪಳಿ ನಾಲ್ಕು. ಎಡಗಡೆಯ ಎರಡರಲ್ಲೂ ಒಂದೊಂದು ಕೊಂಡಿ ಇಲ್ಲ, ಅಲ್ಲಿ ಕೂತವರು ಜಾರುತ್ತಾರೆ, ಕೊಂಡಿ ಸೇರಿಸಿದರೆ ಸರಿಹೋಗುತ್ತದೆ. ತೂಗಿದರೆ ಸಣ್ಣ ಸದ್ದು. ಎಣ್ಣೆ ಬಿಟ್ಟರೆ ಎಂಟು ದಿನ ಸುಮ್ಮನಿರುತ್ತದೆ. ಬಲಗಡೆ ಅಂಚಿನಲ್ಲಿ ಚಹಾದ ಕಲೆ. "ಆ ಕಲಿ ಯಾರು ಮಾಡಿದ್ದಂತ ಬರಿಯೋದು ಬ್ಯಾಡ ಬಿಡ್ರಿ" ಎಂದು ಆಕೆಯೇ ರಿಯಾಯಿತಿ ಕೊಟ್ಟಳು.

ಐದನೆಯ ದಿನಕ್ಕೆ ಒಂಬತ್ತು ಜನ ಕೂಗಿದರು. ಹೊಸಪೇಟೆಯ ಹೆಂಗಸಿಗೇ ಆಯಿತು. ಜೋಕಾಲಿ ಊರು ಮುಟ್ಟಿದ ಮೇಲೆ ಆಕೆ ಬರೆದದ್ದು ಇಷ್ಟೇ: "ಬರೆದ ಹಾಗೇ ಇದೆ." ಮರುದಿನ ಸಾಹುಕಾರ ಹೆಂಡತಿಯನ್ನು ಕುರ್ಚಿಯಂಗಡಿಗೆ ಕರೆದೊಯ್ದ. ಹನ್ನೊಂದು ಕುರ್ಚಿಗಳಲ್ಲಿ ಆಕೆಯನ್ನು ಕೂರಿಸಿದ. ಪ್ರತಿ ಸಲವೂ ಕೇಳಿದ: "ಹೆಂಗೈತಿ?"

ನಗುತ್ತಿದ್ದೀರಿ. ನಗಿ. ಆದರೆ ಒಂದು ಮಾತು. ಸಾಹುಕಾರ ಬೇಕೆಂದು ಸುಳ್ಳು ಬರೆದನೇ? ಇಲ್ಲ. ನೋಡದೆ ಬರೆದ. ನೋಡಿದ್ದರೂ ತಾನು ಕೂತ ಜಾಗದಿಂದ ನೋಡಿದ. ನಾವೇನು ಬೇರೆಯೇ? "ಮನೆಯಲ್ಲಿ ಎಲ್ಲಾ ಹೇಗೆ?" ಎಂದು ಯಾರಾದರೂ ಕೇಳಿದರೆ ನಾವು ಕೊಡುವ ಉತ್ತರವೇನು? ಉತ್ತಮ ಸ್ಥಿತಿಯಲ್ಲಿದೆ. ಎಷ್ಟು ಅಡಿ, ಸ್ವಾಮಿ?

ಇವತ್ತು ಮನೆಗೆ ಹೋದ ಮೇಲೆ, ನಿಮ್ಮ ಜೋಕಾಲಿಯ ಆ ತುದಿಯಲ್ಲಿ ಯಾರಿದ್ದಾರೋ, ಹೆಂಡತಿಯೋ, ಸೊಸೆಯೋ, ತಮ್ಮನೋ, ಅವರ ಜಾಗದಲ್ಲಿ ಒಮ್ಮೆ ಕೂತು ನೋಡಿ. ಕೇಳಿ. ಕೇಳಿ, ಸುಮ್ಮನಿರಿ, ಉತ್ತರ ಅವರು ಹೇಳಲಿ. ನಾಳೆ ಕನ್ಯೆಯ ಕಡೆಯವರು ನಿಮ್ಮ ಮಗನ ಬಗ್ಗೆ ವಿಚಾರಿಸಲು ಬಂದರೆ, ಬಂಗಾರದಂಥ ಹುಡುಗ ಎಂದು ಮುಗಿಸಬೇಡಿ. ಸಿಟ್ಟು ಬೇಗ ಬರುತ್ತದೆ, ಬೇಗ ಇಳಿಯುತ್ತದೆ, ಉಂಡ ತಟ್ಟೆ ಎತ್ತುವುದಿಲ್ಲ ಎಂದೂ ಹೇಳಿ. ಬರುವ ಹುಡುಗಿಗೆ ನಿಮ್ಮ ಮಾತೇ ಕಣ್ಣು. ನಾನೂ ಇದನ್ನು ಪೂರ್ತಿ ಮಾಡಿದವನಲ್ಲ. ನಿಮ್ಮ ಜೊತೆ ಕಲಿಯುತ್ತಿದ್ದೇನೆ.

ಒಂದು ಉಳಿಯಿತು. ಮೂವತ್ತೆರಡು ವರ್ಷ ಆಕೆ ಅವನ ಕಡೆಗೆ ಸರಿದದ್ದರಲ್ಲಿ ಸರಪಳಿಯ ಪಾಲೆಷ್ಟು, ಮನಸ್ಸಿನ ಪಾಲೆಷ್ಟು? ಆಕೆ ಹೇಳಲಿಲ್ಲ. ಅವನು ಕೇಳಿದನೋ ಇಲ್ಲವೋ, ನನಗೆ ಗೊತ್ತಿಲ್ಲ.