ಅಮ್ಮನ ಬಾಗಿಲ ಪೊದೆ

...ಏ, ಕೈ ಹಾಕ್ಬೇಡ್ವೋ, ಮುಳ್ಳು! ನೋಡು, ಹೇಳೋಷ್ಟರಲ್ಲಿ ಚುಚ್ಚಿಸ್ಕೊಂಡೆ. ಬಂದು ಇನ್ನೂ ಹೆಗಲಿಂದ ಚೀಲ ಇಳಿಸಿಲ್ಲ, ಆಗ್ಲೇ ಅಕ್ಕನ ಗಿಡದ ತನಿಖೆ! ಹಣ್ಣು ಚೆನ್ನಾಗಿದೆ ಅಲ್ವಾ? ಕೆಂಪಗೆ, ಮಣಿ ಮಣಿ. ತಿನ್ನೋಕಲ್ಲ, ಹಕ್ಕಿಗಳಿಗೆ. ವರ್ಷಪೂರ್ತಿ ಹಸಿರು, ಎಲೆ ಉದುರಲ್ಲ. ಮೊದಲನೇ ವರ್ಷ ಕಳೆ ಕಿತ್ತೂ ಕಿತ್ತೂ ನನ್ನ ಸೊಂಟ ಬಿದ್ದೋಯ್ತು. ಆಮೇಲೆ ತಾನೇ ಹಬ್ಕೊಂಡು ನೆಲ ಮುಚ್ಚಿಬಿಡ್ತು. ಗುಟ್ಟು ಹೇಳ್ಲಾ? ಕೊಂಬೆ ಬಗ್ಗಿಸಿ, ಮಣ್ಣಿಗೆ ಒತ್ತಿ, ಮೇಲೊಂದು ಹೇರ್‌ಪಿನ್ನು ಚುಚ್ಚೋದು. ಅಲ್ಲೇ ಬೇರು ಬಿಡುತ್ತೆ. ಯಾಕೋ ನಗ್ತೀಯ? ಅಮ್ಮನ ಪಿನ್ನೇ! ಅವಳ ಕೂದಲು ಕತ್ತರಿಸಿಬಿಟ್ಟೆನಲ್ಲ, ಇನ್ನೇನಕ್ಕೆ ಅವು? ...ಸ್ನಾನ ಮಾಡಿಸೋಕೆ ಸುಲಭ ಅಂತ. ಹಾಗೆ ನೋಡ್ಬೇಡ. ನೀನು ಮೂರು ವರ್ಷಕ್ಕೊಂದು ಸಲ ಮುಖ ತೋರಿಸೋನು.

ಗೇಟ್ ಹತ್ರ ಯಾಕೆ ಹಾಕ್ಲಿಲ್ಲ ಅಂತೀಯಾ? ಅಲ್ಲಿ... ಅಲ್ಲಿ ಬಿಸಿಲು ಸಾಲದು. ಸರಿ ಸರಿ, ಬಿಸಿಲಿದೆ, ನನಗೂ ಕಣ್ಣಿದೆ! ನಾಯಿಗಳು ಕಣೋ. ಬೀದಿನಾಯಿ ಸೀದಾ ಅಮ್ಮನ ಕೋಣೆಗೇ ನುಗ್ತಿದ್ವು. ಅದಕ್ಕೇ ಅವಳ ಬಾಗಿಲ ಮುಂದೆ, ಈ ಗೋಡೆಯಿಂದ ಆ ಗೋಡೆವರೆಗೂ. ...ದಾರಿನಾ? ದಾರಿ ಯಾಕೆ, ಅವಳೆಲ್ಲಿಗೆ ಹೋಗ್ಬೇಕು?

ನೀನು ಕಾಲೆತ್ತಿ ದಾಟ್ಕೊಂಡು ಒಳಗೆ ಬಾ. ಅಮ್ಮಾ, ನೋಡು ಯಾರು ಬಂದಿದ್ದಾರೆ! ...ಗುರುತು ಹಿಡಿಯಲ್ಲ, ಬೇಜಾರು ಮಾಡ್ಕೋಬೇಡ. ದಿನಾ ಅನ್ನ ಹಾಕೋ ನನ್ನನ್ನೂ 'ಯಾರಮ್ಮ ನೀನು' ಅಂತಾಳೆ. ಏ, ಅವಳ ಕಾಲ್ಯಾಕೋ ಹಾಗೆ ತಿರುಗಿಸಿ ನೋಡ್ತೀಯ? ಆ ಗೀರು... ಬೆಕ್ಕು. ಬೆಕ್ಕು ಪರಚಿದ್ದು. ಪಕ್ಕದ್ಮನೆ ಬೆಕ್ಕು...

ಬೈಯೋದಾದ್ರೆ ಬೈ. ಒಂದ್ಸಲ ಮುಳ್ಳು, ಒಂದ್ಸಲ ಅವಳ ಕಾಲು ನೋಡ್ತಾ ಕೂತ್ಕೋಬೇಡ!

...ಈ ಗಿಡ ಹಾಕೋಕೆ ಮುಂಚೆ ಒಂದಿನ ಅಮ್ಮ ಬಸ್ಸಿನ ಮುಂದೆ ನಿಂತಿದ್ಲು ಕಣೋ! ನಡುರಸ್ತೇಲಿ, ಬರಿಗಾಲಲ್ಲಿ! ನಾನು ಹೊಲಿಗೆ ಅಂಗಡಿಗೆ ಹೋಗ್ಲೇಬೇಕು. ಬೀಗ ಹಾಕಿದ್ರೆ ಬಾಗಿಲು ಬಡಿದೂ ಬಡಿದೂ ಅಳ್ತಾಳೆ. ಇಲ್ಲಿ ಅಳಲ್ಲ. ಬಾಗಿಲು ತೆಗ್ದೇ ಇರುತ್ತೆ, ಹಸಿರು ನೋಡ್ಕೊಂಡು ಹೊರಡ್ತಾಳೆ, ಮುಳ್ಳಿಗೆ ಬಟ್ಟೆ ಸಿಕ್ಕೊಳ್ಳುತ್ತೆ, ನಿಂತ್ಬಿಡ್ತಾಳೆ. ನಿಂತು, ಹಿಂದೆ ತಿರುಗಿ ಏನಂತಾಳೆ ಗೊತ್ತಾ?

'ಬಿಡೋ ಪುಟ್ಟಾ, ಈಗ ಹೋಗಿ ಈಗ ಬಂದ್ಬಿಡ್ತೀನಿ' ಅಂತಾಳೆ.

ನಿನಗೆ ಹೇಳೋದು ಕಣೋ ಅದು. ಚಿಕ್ಕವನಿದ್ದಾಗ ಅವಳ ಬಟ್ಟೆ ಹಿಡಿದ್ರೆ ಬಿಡ್ತಾನೇ ಇರ್ಲಿಲ್ಲವಲ್ಲ ನೀನು...