ಪರದಿ ತುಂಬ ಹಸರು

...ಬಾಗಲಾ ಪೂರಾ ಮುಚ್ಚಿ ಬಂದು ಕುಂದ್ರು, ರೂಪಾಲಿ. ಹೊರಗ ಬಾಕಿನ ಮ್ಯಾಲ ದುಂಡವ್ವ ಕುಂತಾಳ, ನಮ್ಮ ಮಾತು ಆಕಿ ಕಿವಿಗೆ ಬೀಳೂದು ಬ್ಯಾಡ. ಪಾಪ, ಗಂಡ ದವಾಖಾನ್ಯಾಗ ಬಿದ್ದಾನ, ಒಂದು ಕಾಲು ಮೊಣಕಾಲಿಂದ ಕೆಳಗ ಇಲ್ಲ... ಶೆಟ್ಟೆಪ್ಪನಂಥಾ ಟ್ರ್ಯಾಕ್ಟರ್ ಡ್ರೈವರ್ ಈ ಕಾರ್ಖಾನ್ಯಾಗ ಮತ್ತೊಬ್ಬ ಇದ್ದಿದ್ದಿಲ್ಲ. ಚಾ ಕುಡಿ, ಆರಿ ಹೋಗತೈತಿ.

ಏನಂದಿ? ಸಕ್ಕರಿ ಸಾಕಾ... ಆತು.

ನೋಡು, ನಾ ನಿನಗ ಬರೇ ಸಾಹೇಬಲ್ಲ, ಕಾಕಾ. ನಿಮ್ಮಪ್ಪ ಹೋದ ಮ್ಯಾಲ ನಿಮ್ಮವ್ವ, ರಾಜಮತಿ ವೈನಿ, ನಮ್ಮ ಮನೀಗೆ ಬಂದು, 'ಧನಪಾಲ, ಹುಡುಗಿ ಕಂಪ್ಯೂಟರ್ ಕಲತಾಳ, ಎಲ್ಲ್ಯಾರೆ ಹಚ್ಚು' ಅಂದ್ರು. ಹತ್ತರಗಿ ಕಬ್ಬಿನ ಕೇಂದ್ರದಾಗ ನಿನ್ನ ಹಚ್ಚಿದವ ನಾನ. ಆ ಸಲಗಿ ಮ್ಯಾಲ ಹೇಳಾಕತ್ತೇನಿ. ನಾಳೆ ಡೈರೆಕ್ಟರ್ ಮಂದಿ ಮುಂದ ಚೌಕಶಿ ಐತಿ, ತಪ್ಪು ಯಾರದು ಅಂತ ವಿಚಾರಸತಾರ. ನೀ ಒಂದು ಮಾತು ಹೇಳಿದ್ರ ಸಾಕು: 'ಕ್ರೇನ್ ಬೇಕು ಅಂತ ಮೆಸೇಜ್ ಬರದೆ, ಗಾಬರ್ಯಾಗ ಕಳಸೂದು ಮರತೆ.' ಇಷ್ಟ. ನೌಕರಿ ಹೋಗಂಗಿಲ್ಲ, ಅದನ್ನ ನಾ ನೋಡಕೋತೇನಿ. ಸಣ್ಣ ಹುಡುಗಿ, ಗಾಬರಿ ಆದ್ಲು ಅಂತಾರ, ಬಿಡತಾರ.

ಯಾಕ ನಗತಿ? ನಗೂವಂಥಾದ್ದು ಏನಂದೆ ನಾ?

ಹಾಂ, ಗೊತ್ತೈತಿ. ನಿನ್ನ ಕಂಪ್ಯೂಟರ್ ಮ್ಯಾಲ 'ಮುಟ್ಟಿತು' ಅಂತ ಬಂತು ಅಂತಿ. ಅದನ್ನ ನಂಬಿ ಮಂದೀಗೆ ಹೇಳಿದಿ, 'ಸುದ್ದಿ ಮುಟ್ಟೇತಿ, ಕ್ರೇನ್ ಬರತೈತಿ, ಯಾರೂ ಓಡಿ ಹೋಗೂದು ಬ್ಯಾಡ' ಅಂತ. ಅವರೂ ನಿಂತರು. ಟ್ರೇಲರ್ ಮಗಚಿ ಶೆಟ್ಟೆಪ್ಪನ ಕಾಲು ಅದರ ಬುಡಕ ಸಿಕ್ಕಿತ್ತು. ಕಬ್ಬು ಜಗ್ಗಿದ್ರ ಟ್ರೇಲರ್ ಇನ್ನಷ್ಟು ಮೋರಿ ಕಡೆ ಜರದೀತು, ಅವನ ಮ್ಯಾಲ ಬಿದ್ದೀತು ಅಂತ ಕೈ ಹಚ್ಚಲಿಲ್ಲ. ಫೋನಿನ ವಾಯರ್ ಹೈವೇ ಅಗಲ ಮಾಡೂ ಮಂದಿ ಕಡದ ಒಗದಾರ. ಮೊಬೈಲ್‌ಗೆ ಅಲ್ಲಿ ರೇಂಜ್ ಇಲ್ಲ. ಉಳದದ್ದು ಕಂಬದ ಮ್ಯಾಲಿನ ನಮ್ಮ ಆಂಟೆನಾ ಒಂದ. ಕಡೀಕ ಯಾರೋ ಬ್ಯಾಸತ್ತು ಮೋಟರ್ ಸೈಕಲ್ ಹತ್ತಿ ಇಲ್ಲಿಗೆ ಬಂದು ಹೇಳಿದ ಮ್ಯಾಲ ಕ್ರೇನ್ ಹೋತು. ಅಷ್ಟೊತ್ತಿಗೆ ಕಾಲು...

ನಿನ್ನ ಯಾರೂ ಕಳ್ಳಿ ಅಂದಿಲ್ಲ. ಕುಂಬಳಕಾಯಿ ಕಳ್ಳ ಅಂದ್ರ ಹೆಗಲ ಮುಟ್ಟಿ ನೋಡಕೊಂಡಂಗ ಯಾಕ ಮಾಡತಿ? ಮಷೀನು ಹೇಳೂದು ಬ್ಯಾರೆ, ಆಗೂದು ಬ್ಯಾರೆ ಅಂತೇನಿ ನಾ. ಇಲ್ಲಿ ನೋಡು ಈ ಕಂಪ್ಯೂಟರಿನ ಪರದಿ. ಮೂಡಲಗಿ, ಕಣಗಲಾ, ನಿಮ್ಮ ಹತ್ತರಗಿ, ಎಲ್ಲಾ ಕೇಂದ್ರದ ಮೆಸೇಜ್ ಮೊದಲ ಇಲ್ಲಿಗೆ ಬರತಾವು. ಈ ಸಾಫ್ಟ್‌ವೇರ್ ಒಂದೊಂದನ್ನ ಬಿಚ್ಚಿ ನೋಡಿ, ತೂಕದ್ದನ್ನ ತೂಕದವರಿಗೆ, ಕ್ರೇನ್ ಕೇಳಿದ್ದನ್ನ ಯಾರ್ಡಿಗೆ ದಾಟಸತೈತಿ. ಎಷ್ಟು ಲಗೂ ದಾಟತಾವು ಅಂತ ಕಾಯೂದು ನನ್ನ ಕೆಲಸ. ಲಗೂ ದಾಟಿದ್ರ ಹಸರು, ತಡಾ ಆದ್ರ ಕೆಂಪು.

ತೂಕದ ಮೆಸೇಜ್ ಸಣ್ಣವು, ಸರಕ್ಕನ ಹೋಗತಾವು. ನಿಮ್ಮ ಅಡಚಣಿ ಮೆಸೇಜ್ ಹಂಗಲ್ಲ. ಮಷೀನಿಗೆ ತಿಳೀಲಿಲ್ಲಂದ್ರ ಅವನ್ನ ಮನಷಾ ಓದಿ ದಾಟಸಬೇಕು, ಅಲ್ಲೀತನಕ ಕುಂತ ಬಿಡತಾವು. ಒಂದು ಕುಂತರ ಸಾಕು, ಪರದಿ ಕೆಂಪ. ಕಾರ್ಖಾನಿ ಗೇಟಿನ್ಯಾಗ ಒಂದು ಗಾಡಿ ಅಚ್ಚು ಮುರದು ನಿಂತ್ರ ಹಿಂದಿನವೆಲ್ಲಾ ನಿಂದರತಾವಲ್ಲ, ಹಂಗ. ಅದಕ್ಕ ಅಂಥಾವನ್ನ ಬಾಜೂಕ ಸರಸಿ ಇಡೂ ಸಾಲು ಒಂದೈತಿ. ಅದರಾಗಿಟ್ಟದ್ದು ಲೆಕ್ಕಕ್ಕ ಬರಂಗಿಲ್ಲ. ಸರಸಿದಿ ಅಂದ್ರ ಪರದಿ ಮತ್ತ ಹಸರು. ಎಲ್ಲಾರೂ ಮಾಡತಾರ ಇದನ್ನ. ಅವತ್ತೂ...

ಇಲ್ಲ, ಅವತ್ತ ಏನೂ ಸರಸೂವಂಥಾದ್ದು ಇದ್ದಿದ್ದಿಲ್ಲ. ಅವತ್ತ ಡೈರೆಕ್ಟರ್ ಮಂದಿ ಇದನ್ನ ನೋಡಾಕಂತನ ಬಂದಿದ್ರು. ಹೋದ ಹಂಗಾಮಿನ್ಯಾಗ ಕೆಂಪು ಕಂಡು ಮಂದಿ ಮುಂದ ನನಗ ಏನಂದಿದ್ರು, ನೆನಪೈತಿಲ್ಲೊ? 'ಧನಪಾಲಗ ಇದು ನೀಗೂದಿಲ್ಲ, ಪುಣೆಯಿಂದ ಯಾರನ್ನರೆ ತರೂಣು.' ಈ ವಯಸ್ಸಿನ್ಯಾಗ ಅದನ್ನ ಕೇಳಿ ಮನೀಗೆ ಹೋಗಿ ಉಣ್ಣಾಕ ಕುಂತಿದ್ದೆ ನಾ... ತಾಟು ಹಂಗ ಸರಸಿ ಎದ್ದೆ. ಈ ಸಲ ನೋಡಬೇಕಿತ್ತು ನೀ. ಪರದಿ ತುಂಬ ಹಸರು. ಅಧ್ಯಕ್ಷರು ಬೆನ್ನು ತಟ್ಟಿದ್ರು.

ಯಾಕ ಪರದಿಯ ಆ ಮೂಲಿ ನೋಡಾಕತ್ತಿ? ಹೌದು, ಅದ ಬಾಜೂ ಸಾಲು. ಖಾಲಿ ಐತಿ, ಬೇಕಾದ್ರ ನೋಡ್ಕೊ. ನಿನ್ನ ಮೆಸೇಜ್ ಇಲ್ಲೀಗೆ ಬರಲ ಇಲ್ಲವಾ. ಬಸದಿ ಮೆಟ್ಟಲಾ ಮುಟ್ಟಿ ಹೇಳತೇನಿ.

ಒಂದು ಮಾತು ಹೇಳಲಾ? ಸಿಟ್ಟಿಗೇಳಬ್ಯಾಡ. ಆಫೀಸಿನ ಮೆಸೇಜ್ ಬರಿಯೂ ರೀತಿ ನಿನಗ ಇನ್ನೂ ಬಂದಿಲ್ಲ. ಕೇಂದ್ರದ ಹೆಸರು, ಜಾಗಾ, ಏನು ಬೇಕು, ಮುಗೀತು. ಅದನ್ನ ಬಿಟ್ಟು, 'ಕಾಕಾ, ಶೆಟ್ಟೆಪ್ಪ ಮಾಮಾ ಒದರಾಕತ್ತಾನ, ನಿಮ್ಮ ಕಾಲಿಗೆ ಬೀಳತೇನಿ, ಲಗೂ ಕಳಸ್ರಿ' ಅಂತ ಬರದ್ರ ಮಷೀನಿಗೆ ಏನು ತಿಳದೀತು? ಅದಕ್ಕ ಕಾಕಾ ಯಾರು, ಮಾಮಾ ಯಾರು...

ಯಾಕ? ಕಪ್ಪು ಯಾಕ ಕೆಳಗ ಇಟ್ಟಿ?

ಹಂಗ್ಯಾಕ ನೋಡತಿ... ನಾ ಏನಂದೆ ಈಗ? ಅಲ್ಲ, ಅದು... ಯಾರೋ ಹೇಳಿದ್ರು ನನಗ. ನೀನ ಹೇಳಿದ್ದಿಲ್ಲ? ನಿಮ್ಮವ್ವಗ ಹೇಳಿರಬೇಕು, ವೈನಿ ನಮ್ಮ ಮನ್ಯಾಗ ಅಂದಿರಬೇಕು. ಅವ್ವಗೂ ಹೇಳಿಲ್ಲ? ಯಾರಿಗೂ?

...

ಡೈರೆಕ್ಟರ್ ಮಂದಿ ಬೆನ್ನ ಹಿಂದನ ನಿಂತಿದ್ರು, ರೂಪಾಲಿ. ಉಸರು ಕೇಳಸ್ತಿತ್ತು. ದಾಟಸಬೇಕಂದ್ರ ಅವರ ಎದುರಿಗೆ ಅದನ್ನ ಹಿಡಕೊಂಡು ಕುಂದರಬೇಕು, ಅಷ್ಟರಾಗ ಕೆಂಪು ಅವರ ಕಣ್ಣಿಗೆ ಬೀಳತೈತಿ. ಓದಿದೆ, ಸರಸಿದೆ. ಚಾ ಕುಡದು ಹೋಗಲಿ, ಹೋದ ಕೂಡಲೆ ಯಾರ್ಡಿಗೆ ಓಡತೇನಿ ಅಂದ್ಕೊಂಡೆ. ಬರೇ ಒಂದು ಚಾ... ಆಮ್ಯಾಲೆ ತಿನ್ನಾಕ ಫರಾಳ ಬಂತು. ಅಧ್ಯಕ್ಷರು ನನ್ನ ಬಾಜೂಕ ಕುಂದರಿಸಿಕೊಂಡ್ರು. ಹೆಂಗ ಏಳಲಿ ನಾ?

ಎಲ್ಲಿ ಹೊಂಟಿ? ಕುಂದ್ರವಾ. ಏನರೆ ಅನ್ನು, ಬೈಯರೆ ಬೈ... ಆ ಬಾಗಲಾ ತಗೀಬ್ಯಾಡ. ನಾಳೆ ನಾನ ಹೇಳತೇನಿ ಎಲ್ಲಾರ ಮುಂದ, ನಾಳೆ, ಖರೆ...

ರೂಪಾಲಿ.

...ಏನಿಲ್ಲರಿ, ದುಂಡವ್ವ. ಬರ್ರಿ. ಒಳಗ ಬರ್ರಿ. ನನ್ನ ಖುರ್ಚಿ ಮ್ಯಾಲ ಕುಂದರ್ರಿ.