ಇನ್ನೊಂದು ಫೋಟೋ

ಈಜುಕೊಳದ ಪಕ್ಕದ ಬಿಸಿನೀರಿನ ತೊಟ್ಟಿಯಲ್ಲಿ ಸ್ಟೇನ್‌ವೊರ್ ಕತ್ತಿನವರೆಗೂ ಮುಳುಗಿ ಕಣ್ಣು ಮುಚ್ಚಿದ್ದಳು. ಹಿಮನದಿಗೆ ಪ್ರವಾಸಿಗರನ್ನು ಕರೆದೊಯ್ಯುವ ಕೆಟಿಲ್ ಮತ್ತು ಅವನ ಅಕ್ಕನ ಮಗಳು ಸೋಲ್‌ರುನ್ ಬಂದು ಅವಳೆದುರಿಗೆ ಕೂತರು. ಅವರ ಮಾತು ಕೇಳಿದ ಮೇಲೆ ಕಣ್ಣು ತೆರೆಯುವುದು ಅವಳಿಗೆ ಸರಿಯೆನಿಸಲಿಲ್ಲ.

"ನಾಳೆ ಹನ್ನೊಂದು ಜನ ಇದಾರೆ ಮಾವ. ಮುಂದೆ ಹೋಗೋ ಸ್ನೋಮೊಬೈಲ್ ನೀನೇ ಓಡಿಸು. ಐಸಲ್ಲಿ ಬಿರುಕು ಎಲ್ಲೆಲ್ಲಿದೆ ಅಂತ ನಂಗಿನ್ನೂ ಸರಿಯಾಗಿ ಗೊತ್ತಿಲ್ಲ."

"ದಾರಿ ತೋರಿಸ್ತೀನಿ. ಗುಹೆ ಒಳಗೆ ಬರಲ್ಲ."

"ಇದು ಬೇರೆ ಗುಹೆ."

"ಐಸು ಅದೇ ತಾನೆ."

"ಆ ಗುಹೆ ಛಾವಣಿ ಬಿದ್ದಿದ್ದು ನಿನ್ನ ತಪ್ಪಲ್ಲ ಅಂತ ಪೊಲೀಸರೇ ಬರೆದುಕೊಟ್ಟಿದಾರಲ್ಲ."

"ಹೊರಡಿ ಅಂದೆ, ಎಲ್ರೂ ಬಂದ್ರು. ಸತ್ತನಲ್ಲ, ಅವನೊಬ್ಬ ಮಾತ್ರ, ಇನ್ನೊಂದು ಫೋಟೋ ತಕ್ಕೊಳ್ಲಾ ಅಂದ. ಬೇಗ ತಗೋ ಅಂದೆ."

"ಯಾರಾಗಿದ್ರೂ ಹಾಗೇ ಅಂತಿದ್ರು."

"ಅವನ ಫೋನಲ್ಲಿ ಆ ಫೋಟೋ ಸಿಕ್ಕಿತಂತೆ. ಅವನ ಹೆಂಡ್ತಿ ನಂಗೆ ಕಳಿಸಿದಾಳೆ."

"ಏನಿದೆ ಅದರಲ್ಲಿ?"

"ನಾನಿದೀನಿ. ಗುಹೆ ಬಾಯಲ್ಲಿ ನಿಂತು ನಗ್ತಾ ಇದೀನಿ."



"ನಾಳೆ ನನ್ನನ್ನೂ ಕೇಳ್ತಾರಲ್ಲ ಮಾವ, ಇನ್ನೊಂದು ಅಂತ. ಏನು ಹೇಳ್ಲಿ?"

ಯಾರೋ ಎದ್ದು ನೀರು ಕಲಕಿದ ಸದ್ದಾಯಿತು. ಸ್ಟೇನ್‌ವೊರ್ ಕಣ್ಣು ತೆರೆದಾಗ ಕೆಟಿಲ್ ಆಗಲೇ ಮೆಟ್ಟಿಲು ಹತ್ತಿ ಬರಿಗಾಲಲ್ಲಿ ಹಿಮದ ಮೇಲೆ ನಡೆದಿದ್ದ. ಸೋಲ್‌ರುನ್ ಅವನ ಟವೆಲ್ ಹಿಡಿದು ಹಿಂದೆ ಓಡುತ್ತಿದ್ದಳು.